ಪಗ್ ಓಡುವ ಮೊದಲು ಉರುಳಬೇಕು

ಪ್ಲಾಸ್ಟಿಕ್ ಕಿಟ್‌ನ ಮಾದರಿ ಉಗಿ ರೈಲು ಎಂಜಿನ್ನಿಗೆ ಮೋಟಾರ್ ಕೂರಿಸಬೇಕು ಅಂದುಕೊಂಡವರು ಮೊದಲು ಹುಡುಕುವುದೇ ಮೋಟಾರನ್ನು. ಎಷ್ಟು ವೋಲ್ಟ್, ಎಷ್ಟು ಆರ್‌ಪಿಎಂ, ಎಲ್ಲಿ ಸಿಗುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಅದೊಂದು ಸಿಕ್ಕಿದರೆ ಮಿಕ್ಕಿದ್ದು ತಾನಾಗಿ ಕೂಡಿಬರುತ್ತದೆಂಬ ನಂಬಿಕೆ. ನಿಜದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಮೋಟಾರ್ ಇಲ್ಲದೆಯೇ ಮುಗಿದಿರಬೇಕು. ಗಾಜಿನ ಹಲಗೆಯನ್ನು ಸ್ವಲ್ಪ ಓರೆ ಮಾಡಿ ಚಾಸಿಯನ್ನು, ಅಂದರೆ ಗಾಲಿ ಹೊತ್ತ ಅಡಿಕಟ್ಟನ್ನು, ಅದರ ಮೇಲಿಟ್ಟರೆ, ಗಾಲಿಗಳಿಗೆ ಸಿಕ್ಕಿಸುವ ರಾಡುಗಳನ್ನೆಲ್ಲ ತೊಟ್ಟುಕೊಂಡೇ ಅದು ತನ್ನ ಭಾರಕ್ಕೆ ತಾನು ಉರುಳಿ ಇಳಿಯಬೇಕು. ಇಳಿಯದ ಚಾಸಿಗೆ ಎಷ್ಟು ದೊಡ್ಡ ಮೋಟಾರ್ ಹಾಕಿದರೂ ಅದು ಕುಂಟುತ್ತಲೇ ಹೋಗುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಇಂಗ್ಲೆಂಡಿನ ಲ್ಯಾಂಕಶೈರ್ ಅಂಡ್ ಯಾರ್ಕ್‌ಶೈರ್ ರೈಲ್ವೆಯ ‘ಪಗ್’. ಬಂದರುಕಟ್ಟೆಗಳ ತಿರುವು ಹಳಿಗಳ ಮೇಲೆ ವ್ಯಾಗನ್ ತಳ್ಳಲೆಂದು ಹಾರ್ವಿಚ್ ಕಾರ್ಖಾನೆಯಲ್ಲಿ 1891ರಿಂದ 1910ರವರೆಗೆ ಕಟ್ಟಿದ ನಾಲ್ಕು ಗಾಲಿಯ ಪುಟ್ಟ ಎಂಜಿನ್ ಇದು. ಬಾಯ್ಲರಿನ ಬೆನ್ನ ಮೇಲೆ ಜೀನಿನಂತೆ ನೀರಿನ ಟ್ಯಾಂಕ್, ಮುಂದೆ ಹೊರಗೆ ಚಾಚಿದ ಎರಡು ಸಿಲಿಂಡರ್, ಬಫರ್ ಎಂದರೆ ಬರೀ ಮರದ ದಿಮ್ಮಿ. ಒಟ್ಟು 57 ತಯಾರಾದವು, ಎರಡು ಇಂದಿಗೂ ಉಳಿದಿವೆ. ಇದರ ಪ್ಲಾಸ್ಟಿಕ್ ಕಿಟ್ ಹೊರತಂದದ್ದು ಕಿಟ್‌ಮಾಸ್ಟರ್. ನಾರ್ತಾಂಪ್ಟನ್‌ಶೈರಿನ ರಾಂಡ್ಸ್ ಎಂಬ ಊರಿನಲ್ಲಿ ಗೊಂಬೆ ಮಾಡುತ್ತಿದ್ದ ರೋಸ್‌ಬಡ್ ಕಂಪನಿ 1959ರಲ್ಲಿ ಆರಂಭಿಸಿದ ಹೆಸರು ಅದು. 1962ರ ಕೊನೆಗೆ ಅಚ್ಚುಗಳು ಏರ್‌ಫಿಕ್ಸ್ ಪಾಲಾದವು, 1980ರ ದಶಕದಲ್ಲಿ ಡ್ಯಾಪೋಲ್ ಕೈಸೇರಿದವು. ಹೀಗಾಗಿ ಮೂರು ಹೆಸರಿನ ಪೆಟ್ಟಿಗೆಗಳಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ಎಂಜಿನ್. ಹಳೆಯ ಅಚ್ಚು, ಅಂಚುಗಳಲ್ಲಿ ಫ್ಲ್ಯಾಶ್ (ಅಚ್ಚಿನಿಂದ ಹೊರಚೆಲ್ಲಿದ ತೆಳು ಪ್ಲಾಸ್ಟಿಕ್) ಇರುತ್ತದೆ, ಕೆರೆದು ತೆಗೆಯಬೇಕು. ಆದರೂ ಟ್ಯಾಂಕಿನ ರಿವೆಟ್ಟುಗಳು ಇವತ್ತಿಗೂ ಕಣ್ಣಿಗೆ ಹಿತ.

ಕಿಟ್‌ನಲ್ಲಿ ಬರುವ ಗಾಲಿ, ಆಕ್ಸಲ್, ರಾಡು ಎಲ್ಲವೂ ಪ್ಲಾಸ್ಟಿಕ್. ಅವು ನೋಡಲಿಕ್ಕೆ ಮಾಡಿದವು, ಓಡಲಿಕ್ಕಲ್ಲ. ಪ್ಲಾಸ್ಟಿಕ್ ಗಾಲಿ ಹಳಿಯಿಂದ ವಿದ್ಯುತ್ ತೆಗೆದುಕೊಳ್ಳುವುದಿಲ್ಲ. ಪಾಲಿಸ್ಟೈರೀನ್ ಫ್ರೇಮಿನಲ್ಲಿ ಉಕ್ಕಿನ ಆಕ್ಸಲ್ ತಿರುಗಿಸಿದರೆ ರಂಧ್ರ ಬೇಗ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಗೇರ್ ಹಲ್ಲುಗಳ ನಡುವಿನ ಅಂತರ ಕೆಡುತ್ತದೆ. ಹಾಗಾಗಿ ಕಿಟ್‌ನಿಂದ ಉಳಿಸಿಕೊಳ್ಳುವುದು ಮೇಲಿನ ಒಡಲು, ಅದರಡಿಯ ಚಪ್ಪಟೆ ರನ್ನಿಂಗ್ ಪ್ಲೇಟ್, ಸಿಲಿಂಡರ್ ಇಷ್ಟನ್ನೇ. ಕೆಳಗಿನದೆಲ್ಲ ಲೋಹದಲ್ಲಿ ಹೊಸದು. ಈ ಕಿಟ್‌ಗೆಂದೇ ಹಿತ್ತಾಳೆ ಚಾಸಿ ಮಾಡಿ ಮಾರಿದವರು ಬ್ರಿಟನ್ನಿನಲ್ಲಿದ್ದಾರೆ, ಸಿಕ್ಕರೆ ಅರ್ಧ ಕೆಲಸ ಉಳಿದಂತೆ. ತರಿಸುವ ಖರ್ಚು, ಕಸ್ಟಮ್ಸ್ ಎಲ್ಲ ನೋಡಿದರೆ ಇಲ್ಲೇ ಕೊಯ್ದು ಮಾಡುವುದೂ ಕಷ್ಟವೇನಲ್ಲ. ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಲ್ಲಿ ಸಣ್ಣ ಗರಗಸದ ಫ್ರೇಮ್, 3/0 ಬ್ಲೇಡ್, ಸೂಜಿ ಅರಗಳು ಸಿಗುತ್ತವೆ. ಆಮದು ಮಾಡಿಕೊಳ್ಳಲೇಬೇಕಾದ್ದು ಲೋಹದ ಟಯರ್ ಇರುವ ಗಾಲಿಗಳು ಮತ್ತು ರಾಡು ಸಿಕ್ಕಿಸಲು ಗಾಲಿಗೆ ಹಾಕುವ ಕ್ರ್ಯಾಂಕ್ ಪಿನ್ನುಗಳು ಮಾತ್ರ.

ಮೊದಲು ಅಳತೆ. ಕಿಟ್ ಓಓ ಅಳತೆಯದು: ಒಂದು ಅಡಿಗೆ 4 ಮಿ.ಮೀ., ಅಂದರೆ 1:76.2. ಹಳಿಯ ಅಗಲ 16.5 ಮಿ.ಮೀ. ನಿಜವಾದ ಗಾಲಿ 3 ಅಡಿ ⅜ ಇಂಚು, ಮಾದರಿಯಲ್ಲಿ 12 ಮಿ.ಮೀ. ಎರಡು ಆಕ್ಸಲ್‌ಗಳ ನಡುವೆ ಸುಮಾರು 23 ಮಿ.ಮೀ. ಕೈಯಲ್ಲಿರುವ ಕಿಟ್‌ನ ರನ್ನಿಂಗ್ ಪ್ಲೇಟಿಗೆ ವರ್ನಿಯರ್ ಹಿಡಿದು ಇದನ್ನು ಖಚಿತಪಡಿಸಿಕೊಂಡೇ ಮುಂದುವರಿಯಿರಿ. ಗಾಲಿಗಳ ಒಳಮುಖದಿಂದ ಒಳಮುಖಕ್ಕೆ ಅಂತರ 14.4ರಿಂದ 14.5 ಮಿ.ಮೀ. ಇರಬೇಕು. ಅದರೊಳಗೆ ಚಾಸಿಯ ಒಟ್ಟು ಹೊರ ಅಗಲ 12.5 ಮಿ.ಮೀ. ಇಟ್ಟುಕೊಂಡರೆ ಪ್ರತಿ ಪಕ್ಕದಲ್ಲೂ ಒಂದು ಮಿಲಿಮೀಟರ್ ಉಳಿಯುತ್ತದೆ. ಫ್ರೇಮ್ ತಗಡು 1 ಮಿ.ಮೀ. ದಪ್ಪದ ಹಿತ್ತಾಳೆಯಾದರೆ ನಡುವಿನ ಸ್ಪೇಸರ್ 10.5 ಮಿ.ಮೀ. ಈ ಹತ್ತೂವರೆಯನ್ನು ನೆನಪಿಡಿ, ಮೋಟಾರ್ ಆರಿಸುವಾಗ ಇದೇ ನ್ಯಾಯ ಹೇಳುವುದು.

ಫ್ರೇಮ್ ಕೊಯ್ಯುವ ಮುನ್ನ ರಾಡುಗಳ ಬಗ್ಗೆ ಯೋಚಿಸಬೇಕು. ಎರಡು ಆಕ್ಸಲ್ ನಡುವಿನ ದೂರವೂ, ಹಿಂದಿನ ಮುಂದಿನ ಗಾಲಿಗಳನ್ನು ಜೋಡಿಸುವ ಕಪ್ಲಿಂಗ್ ರಾಡಿನ ಎರಡು ರಂಧ್ರಗಳ ನಡುವಿನ ದೂರವೂ ಒಂದೇ ಇರಬೇಕು. ಅದು 23 ಆಗಿದೆಯೋ 23.1 ಆಗಿದೆಯೋ ಅಷ್ಟು ಮುಖ್ಯವಲ್ಲ, ಎರಡೂ ಒಂದೇ ಆಗಿರುವುದು ಮುಖ್ಯ. ಅಳೆದು ಅಳೆದು ಇದನ್ನು ಸಾಧಿಸಲು ಹೋಗಬಾರದು. ಫ್ರೇಮಿನ ಎರಡು ಹಿತ್ತಾಳೆ ಪಟ್ಟಿ ಮತ್ತು ರಾಡಿನ ಎರಡು ಜರ್ಮನ್ ಸಿಲ್ವರ್ ಪಟ್ಟಿ, ನಾಲ್ಕನ್ನೂ ಒಂದರ ಮೇಲೊಂದಿಟ್ಟು ಬೆಸುಗೆ ಹಾಕಿ ಒಂದೇ ಕಟ್ಟು ಮಾಡಿ. 1 ಮಿ.ಮೀ. ಬಿಟ್‌ನಿಂದ ಎರಡು ರಂಧ್ರಗಳನ್ನು ಕಟ್ಟಿನ ಆರಪಾರ ಕೊರೆಯಿರಿ. ಸ್ಟ್ಯಾಂಡಿಗೆ ಹಿಡಿಸಿದ ಡ್ರಿಲ್ ಇದ್ದರೇ ಒಳ್ಳೆಯದು, ಕೈಯಲ್ಲಿ ಹಿಡಿದರೆ ಕೆಳಗಿನ ಪಟ್ಟಿಯಲ್ಲಿ ರಂಧ್ರ ಓರೆಯಾಗುತ್ತದೆ. ಆಮೇಲೆ ಕಾಯಿಸಿ ಬಿಡಿಸಿದರೆ ನಾಲ್ಕು ತುಂಡುಗಳಲ್ಲೂ ಒಂದೇ ಅಂತರ. ಫ್ರೇಮಿನ ರಂಧ್ರವನ್ನು ಬುಷ್ (ಆಕ್ಸಲ್ ತಿರುಗುವ ಲೋಹದ ಬಳೆ) ಅಳತೆಗೆ, ರಾಡಿನದನ್ನು ಕ್ರ್ಯಾಂಕ್ ಪಿನ್ ಅಳತೆಗೆ ಹಿಗ್ಗಿಸಿ. ಡ್ರಿಲ್ ಬಿಟ್‌ನಿಂದ ಒಂದೇ ಸಲಕ್ಕೆ ಹಿಗ್ಗಿಸಿದರೆ ಅದು ಒಂದು ಪಕ್ಕಕ್ಕೆ ಕಚ್ಚಿ ಕೇಂದ್ರವನ್ನೇ ಎಳೆದೊಯ್ಯುತ್ತದೆ. ಮೊನಚು ರೀಮರನ್ನು ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ.

ಪಗ್‌ಗೆ ನಾಲ್ಕೇ ಗಾಲಿ. ಅವನ್ನು ಗಟ್ಟಿ ಫ್ರೇಮಿನಲ್ಲಿ ಕೂರಿಸಿದರೆ ಯಾವಾಗಲೂ ಮೂರು ಮಾತ್ರ ಹಳಿಗೆ ತಾಗಿರುತ್ತವೆ, ನಾಲ್ಕನೆಯದು ಕೂದಲೆಳೆಯಷ್ಟು ಮೇಲೆ. ಕಣ್ಣಿಗೆ ಕಾಣುವುದಿಲ್ಲ, ವಿದ್ಯುತ್ತಿಗೆ ಗೊತ್ತಾಗುತ್ತದೆ. ಇದಕ್ಕೆ ಹಳೆಯ, ಸರಳ ಪರಿಹಾರವೊಂದಿದೆ. ಹಿಂದಿನ ಆಕ್ಸಲ್ ಸ್ಥಿರವಾಗಿರಲಿ, ಅದಕ್ಕೇ ಗೇರ್. ಮುಂದಿನ ಆಕ್ಸಲ್‌ನ ರಂಧ್ರಗಳನ್ನು ಮೇಲಕ್ಕೂ ಕೆಳಕ್ಕೂ ಅರ್ಧರ್ಧ ಮಿಲಿಮೀಟರ್ ಉದ್ದ ಮಾಡಿ, ಅಕ್ಕಪಕ್ಕಕ್ಕೆ ಮಾತ್ರ ಹಿಗ್ಗಬಾರದು. ಚಾಸಿಯ ನಡುಗೆರೆಯಲ್ಲಿ ಉದ್ದಕ್ಕೆ 1 ಮಿ.ಮೀ. ಉಕ್ಕಿನ ತಂತಿಯೊಂದನ್ನು ಬೆಸೆದು ಆಕ್ಸಲ್‌ನ ಮಧ್ಯಭಾಗ ಅದರ ಮೇಲೆ ತೂಗಾಡುವಂತೆ ಮಾಡಿ. ಆಗ ಎಂಜಿನ್ ಮೂರು ಬಿಂದುಗಳ ಮೇಲೆ ಕೂರುತ್ತದೆ, ನಾಲ್ಕೂ ಗಾಲಿ ಹಳಿ ಬಿಡುವುದಿಲ್ಲ. ಗೂಡ್ಸ್ ಎಂಜಿನ್ನಿನಂಥ ಉದ್ದ ಚಾಸಿಯಲ್ಲಿ ಇದು ಬೇಕೋ ಬೇಡವೋ ಎಂದು ವಾದ ಮಾಡಬಹುದು. ಪಗ್‌ನಲ್ಲಿ ವಾದಕ್ಕೆ ಜಾಗವಿಲ್ಲ.

ಇನ್ನು ಕ್ವಾರ್ಟರಿಂಗ್. ಒಂದು ಪಕ್ಕದ ಕ್ರ್ಯಾಂಕ್ ಪಿನ್ ಮೇಲಿದ್ದಾಗ ಇನ್ನೊಂದು ಪಕ್ಕದ್ದು ಕಾಲು ಸುತ್ತು ಆಚೆ ಇರಬೇಕು. ಸರಿಯಾಗಿ 90 ಡಿಗ್ರಿಯೇ ಇರಬೇಕೆಂದಿಲ್ಲ. 88 ಇದ್ದರೂ ನಡೆಯುತ್ತದೆ, ಎರಡೂ ಆಕ್ಸಲ್‌ಗಳಲ್ಲಿ ಅದೇ 88 ಇದ್ದರಾಯಿತು. ಆಕ್ಸಲ್ ತುದಿ ಚೌಕವಾಗಿರುವ ರಾಮ್‌ಫರ್ಡ್ ಮಾದರಿಯ ಗಾಲಿ ಕೊಂಡರೆ ಈ ತಲೆನೋವು ತಾನಾಗಿ ಕಳೆಯುತ್ತದೆ. ಬರೀ ಒತ್ತಿ ಕೂರಿಸುವ ಗಾಲಿಗಳು ನೋಡಲು ಚೆಂದ, ಆದರೆ ಕೋನ ಹೊಂದಿಸುವ ಹೊಣೆ ನಮ್ಮದು.

ಈಗ ಪರೀಕ್ಷೆ, ಇಡೀ ಕೆಲಸದಲ್ಲಿ ತಾಳ್ಮೆಗೆ ಬೆಲೆ ಸಿಗುವ ಹಂತ. ಗಾಲಿಗಳನ್ನಷ್ಟೇ ಹಾಕಿ ಉರುಳಿಸಿ. ಆಮೇಲೆ ಒಂದು ಪಕ್ಕದ ರಾಡು ಹಾಕಿ ಉರುಳಿಸಿ, ಅದನ್ನು ಬಿಚ್ಚಿ ಇನ್ನೊಂದು ಪಕ್ಕದ್ದು ಹಾಕಿ ಉರುಳಿಸಿ. ಕೊನೆಗೆ ಎರಡನ್ನೂ. ಎಲ್ಲಾದರೂ ಹಿಡಿದರೆ ಕೂಡಲೇ ರಾಡಿನ ರಂಧ್ರ ಹಿಗ್ಗಿಸಲು ಹೊರಡುವವರೇ ಹೆಚ್ಚು. ಅದು ರೋಗ ಗೊತ್ತಾಗುವ ಮೊದಲೇ ಔಷಧಿ. ಎಲ್ಲಿ ಹಿಡಿಯುತ್ತಿದೆ ಎಂಬುದನ್ನು ಮೊದಲು ನೋಡಿ. ಒಂದು ಪಕ್ಕದ ಕ್ರ್ಯಾಂಕ್ ಪಿನ್‌ಗಳು ತೀರಾ ಮುಂದೆ ಅಥವಾ ತೀರಾ ಹಿಂದೆ, ಆಕ್ಸಲ್‌ಗಳ ಮಟ್ಟಕ್ಕೇ ಬಂದಾಗ ಹಿಡಿದರೆ ಆ ಪಕ್ಕದ ರಾಡಿನ ಉದ್ದ ಆಕ್ಸಲ್ ಅಂತರಕ್ಕೆ ಹೊಂದಿಲ್ಲ. ಆ ಸ್ಥಾನದಲ್ಲಿ ಗಾಲಿ ಎಷ್ಟು ತಿರುಗಿದರೂ ರಾಡಿಗೆ ಉದ್ದ ಸಿಗದು, ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಎರಡು ಪಕ್ಕದ ಪಿನ್‌ಗಳೂ ಓರೆಯಾಗಿ, 45 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಒಂದು ಸುತ್ತಿಗೆ ನಾಲ್ಕು ಸಲ ಹಿಡಿದರೆ ತಪ್ಪು ಕ್ವಾರ್ಟರಿಂಗ್‌ನಲ್ಲಿದೆ. ಇದರಲ್ಲಿ ಒಂದೊಂದೇ ರಾಡು ಹಾಕಿದಾಗ ಏನೂ ಗೊತ್ತಾಗುವುದಿಲ್ಲ, ಎರಡೂ ಕೂಡಿದಾಗಲೇ ಜಗಳ ಶುರು. ಮೋಟಾರ್ ಕೂಡಿಸಿದ ಮೇಲಷ್ಟೇ ಸುತ್ತಿಗೊಂದು ಸಲ ಹಿಡಿಯುವುದು ಕಂಡರೆ ಗೇರಿನ ಕೇಂದ್ರ ತಪ್ಪಿದೆ ಅಥವಾ ಆಕ್ಸಲ್ ಬಾಗಿದೆ. ಕಾರಣ ತಿಳಿದ ಮೇಲೆ ರಂಧ್ರ ಹಿಗ್ಗಿಸಬೇಕಾಗಿ ಬಂದರೆ ಪಿನ್ನಿಗಿಂತ 0.1 ಮಿ.ಮೀ. ಹೆಚ್ಚು ಸಾಕು. ಅದಕ್ಕಿಂತ ಸಡಿಲ ಬಿಟ್ಟರೆ ಎಂಜಿನ್ ಓಡುತ್ತದೆ, ಆದರೆ ಗಡಗಡ ಅನ್ನುತ್ತದೆ.

ಹೊರಗಿನ ಸಿಲಿಂಡರ್ ಪಗ್‌ನ ಚೆಲುವು, ತೊಂದರೆಯೂ ಅದೇ. ನಿಜವಾದ ಸಿಲಿಂಡರಿನ ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 18 ಇಂಚು, ಮಾದರಿಯಲ್ಲಿ 6 ಮಿ.ಮೀ. ಹಾಗಾಗಿ ಆಕ್ಸಲ್ ಕೇಂದ್ರದಿಂದ ಕ್ರ್ಯಾಂಕ್ ಪಿನ್ 3 ಮಿ.ಮೀ. ದೂರವಿರಬೇಕು. ಕೊಂಡ ಗಾಲಿಯಲ್ಲಿ ಅದು 3.5 ಇದ್ದರೆ ಸ್ಟ್ರೋಕ್ 7 ಆಗುತ್ತದೆ, ಪಿಸ್ಟನ್ ರಾಡು ಸಿಲಿಂಡರಿನ ಮುಂದಿನ ಮುಚ್ಚಳಕ್ಕೆ ಗುದ್ದುತ್ತದೆ. ಕಿಟ್‌ನ ಸಿಲಿಂಡರನ್ನು ಅಂಟಿಸುವ ಮೊದಲೇ ಒಳಗೆ ಸಾಕಷ್ಟು ಆಳ ಕೊರೆದುಕೊಳ್ಳಿ, ಪಿಸ್ಟನ್ ರಾಡಿಗೆ 0.8 ಮಿ.ಮೀ. ಜರ್ಮನ್ ಸಿಲ್ವರ್ ತಂತಿ ಒಗ್ಗುತ್ತದೆ. ಸ್ಲೈಡ್ ಬಾರ್, ಕ್ರಾಸ್‌ಹೆಡ್ (ಪಿಸ್ಟನ್ ರಾಡಿನ ತುದಿ ಹಿಡಿದು ಆ ಬಾರ್ ಮೇಲೆ ಜಾರುವ ತುಂಡು) ಎರಡನ್ನೂ ಲೋಹದಲ್ಲೇ ಮಾಡಿ. ಮುಂದಿನ ಗಾಲಿಯ ಕ್ರ್ಯಾಂಕ್ ಪಿನ್ ಕ್ರಾಸ್‌ಹೆಡ್‌ನ ಹಿಂದಿನಿಂದ ಹಾದುಹೋಗುವಲ್ಲಿ ಅಂತರ ತೀರಾ ಕಡಿಮೆ. ಅಲ್ಲಿ ನಟ್ ಹಾಕದೆ, ತೆಳು ವಾಷರ್ ಇಟ್ಟು ಬೆಸುಗೆಯ ಒಂದು ಚುಕ್ಕೆಯಿಂದ ಮುಗಿಸಿ, ಮೇಲುಗಡೆ ಅರದಿಂದ ಸಮ ಮಾಡಬೇಕು. ಬೆಸುಗೆ ರಾಡಿಗೂ ಹರಿದು ಅಂಟಿಕೊಳ್ಳದಂತೆ ಎಣ್ಣೆ ಹಚ್ಚಿದ ತೆಳು ಕಾಗದದ ತುಂಡೊಂದನ್ನು ನಡುವೆ ತೂರಿಸಿ, ಆಮೇಲೆ ಹರಿದು ತೆಗೆಯುವುದು ವಾಡಿಕೆ. ಓಓ ಹಳಿ ನಿಜಕ್ಕಿಂತ ಕಿರಿದು ಎಂದು ಬೈಯುವವರು ಬಹಳ. ಅಳತೆಗೆ ಸರಿಯಾಗಿ 18.83 ಮಿ.ಮೀ. ಇರಬೇಕಿತ್ತು, ನಿಜ. ಆದರೆ ಕ್ರಾಸ್‌ಹೆಡ್‌ನ ಹಿಂದೆ ಒಂದಿಷ್ಟು ಜಾಗ ಸಿಗುವುದು ಆ ಕಿರಿದುತನದಿಂದಲೇ.

ಮೋಟಾರಿನ ವಿಚಾರಕ್ಕೆ ಬಂದರೆ, ಲೆಕ್ಕ ವೇಗದಿಂದ ಶುರುವಾಗಬೇಕು. 12 ಮಿ.ಮೀ. ಗಾಲಿಯ ಸುತ್ತಳತೆ 37.7 ಮಿ.ಮೀ. ನಿಮಿಷಕ್ಕೆ 100 ಸುತ್ತು ತಿರುಗಿದರೆ ಸೆಕೆಂಡಿಗೆ 63 ಮಿ.ಮೀ., ಅದನ್ನು 76.2ರಿಂದ ಗುಣಿಸಿದರೆ ನಿಜದಲ್ಲಿ ಗಂಟೆಗೆ 17 ಕಿ.ಮೀ. 200 ಸುತ್ತಿಗೆ 34. ಬಂದರಿನಲ್ಲಿ ವ್ಯಾಗನ್ ತಳ್ಳುವ ಎಂಜಿನ್ನಿಗೆ ಇಷ್ಟು ಧಾರಾಳ. ಅಂಗಡಿಯವರು ‘ಪವರ್ ಜಾಸ್ತಿ ಇದೆ ಸಾರ್’ ಎಂದು ಕೊಡುವ 600 ಆರ್‌ಪಿಎಂ ಮೋಟಾರ್ ಹಾಕಿದರೆ ಪಗ್ ಗಂಟೆಗೆ 100 ಕಿ.ಮೀ. ದಾಟುತ್ತದೆ!

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ, ರೊಬಾಟಿಕ್ಸ್ ಸಾಮಾನು ಮಾರುವ ಎಲ್ಲ ಕಡೆ ಸಿಗುವ ಎನ್20 ಗೇರ್ ಮೋಟಾರ್ ಈ ಎಂಜಿನ್ನಿಗೆ ಹೇಳಿ ಮಾಡಿಸಿದಂತಿದೆ. ಅಡ್ಡಕೊಯ್ತ 12 × 10 ಮಿ.ಮೀ., ಗೇರ್‌ಪೆಟ್ಟಿಗೆ ಸೇರಿ ಉದ್ದ ಸುಮಾರು 24, ಮುಂದೆ 3 ಮಿ.ಮೀ. ದಪ್ಪದ ‘ಡಿ’ ಆಕಾರದ ಶಾಫ್ಟ್. 12 ವೋಲ್ಟಿನದನ್ನೇ ಕೇಳಿ, 100 ಅಥವಾ 200 ಆರ್‌ಪಿಎಂ. 10 ಮಿ.ಮೀ. ಬದಿ ಅಡ್ಡಕ್ಕೆ ಬಂದರೆ 10.5ರ ಫ್ರೇಮಿನೊಳಗೆ ಇಳಿಯುತ್ತದೆ, 12ರ ಬದಿ ಇಳಿಯದು. ಆದರೆ ಅದನ್ನು ಮಲಗಿಸಿ ಆಕ್ಸಲ್ ಮಟ್ಟಕ್ಕೆ ಇಟ್ಟರೆ ಕೆಳಭಾಗ ಹಳಿಗೆ ತಾಗುತ್ತದೆ: ಆಕ್ಸಲ್ ಇರುವುದು ಹಳಿಯಿಂದ 6 ಮಿ.ಮೀ. ಮೇಲೆ, ಮೋಟಾರಿನ ಅರ್ಧ ಎತ್ತರವೂ 6. ನೆಟ್ಟಗೆ ನಿಲ್ಲಿಸಿದರೆ ತಲೆ ಟ್ಯಾಂಕಿನ ಮಾಡಿಗೆ ತಗಲುವ ಭಯ. ಹಾಗಾಗಿ ಹಿಂದಿನ ಆಕ್ಸಲ್‌ನಿಂದ ಮುಂದಕ್ಕೆ, ಸುಮಾರು 45 ಡಿಗ್ರಿ ಓರೆಯಾಗಿ, ಟ್ಯಾಂಕಿನ ಒಳಕ್ಕೆ ಮುಖ ಮಾಡಿಸುವುದು ಸರಿ. ಬಾಯ್ಲರಿನ ಹೊಟ್ಟೆಯ ಪ್ಲಾಸ್ಟಿಕ್ ಕತ್ತರಿಸಲೇಬೇಕಾಗುತ್ತದೆ. ಪಕ್ಕದಿಂದ ಕಾಣುವ ಬಾಯ್ಲರಿನ ಕೆಳ ಅಂಚನ್ನು ಉಳಿಸಿ ನಡುವಿನದನ್ನಷ್ಟೇ ತೆಗೆಯಿರಿ, ಕ್ಯಾಬ್ ಪೂರಾ ಖಾಲಿ ಉಳಿಯುತ್ತದೆ. ಕತ್ತರಿಸುವ ಮೊದಲು ರಟ್ಟಿನಲ್ಲಿ ಮೋಟಾರಿನದೇ ಅಳತೆಯ ತುಂಡು ಮಾಡಿ ಒಡಲಿನೊಳಗೆ ಆಡಿಸಿ ನೋಡುವುದು ಕ್ಷೇಮ.

ಶಾಫ್ಟ್‌ನಿಂದ ಆಕ್ಸಲ್‌ಗೆ ಒಂದಕ್ಕೊಂದು ಸಮನಾದ, ತಿರುಗುವಿಕೆಯನ್ನು ಲಂಬಕೋನಕ್ಕೆ ತಿರುಗಿಸುವ ಬೆವೆಲ್ ಗೇರ್ ಜೋಡಿ, 0.5 ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ), 16 ಹಲ್ಲು. 20 ಹಲ್ಲಿನದು ಸುಲಭವಾಗಿ ಸಿಕ್ಕರೂ ಬೇಡ. ಅದರ ಅಂಚು ಹಳಿಯ ಮಟ್ಟದಿಂದ ಅರ್ಧ ಮಿಲಿಮೀಟರ್‌ಗಿಂತ ಚೂರು ಹೆಚ್ಚಷ್ಟೇ ಮೇಲಿರುತ್ತದೆ, ಹಳಿ ಕವಲೊಡೆಯುವ ಪಾಯಿಂಟ್ ದಾಟುವಾಗ ಜಲ್ಲಿಕಲ್ಲಿನ ಒಂದು ಹರಳು ಸಾಕು ಹಲ್ಲು ಮುರಿಯಲು. 16ರಲ್ಲಿ ಒಂದೂವರೆ ಮಿಲಿಮೀಟರ್ ಬಿಡುವು ಸಿಗುತ್ತದೆ. ಆಕ್ಸಲ್ ಮೇಲಿನ ಗೇರಿನ ಹಬ್ ಹತ್ತೂವರೆಯಲ್ಲಿ ಹಿಡಿಸದು, ಅರೆದು ತೆಳುವಾಗಿಸಬೇಕು. ಆಗ ಸ್ಕ್ರೂಗೆ ಜಾಗ ಉಳಿಯದ ಕಾರಣ ಬೇರಿಂಗ್ ಕೂರಿಸಲು ಬಳಸುವ ರಿಟೇನಿಂಗ್ ದ್ರವದಿಂದ ಗೇರನ್ನು ಹಿಡಿಸಬೇಕು. ಅದು ಪಕ್ಕದ ಬುಷ್‌ಗೆ ಹರಿದರೆ ಆಕ್ಸಲ್ ಶಾಶ್ವತವಾಗಿ ಸ್ಥಿರ! ಬುಷ್‌ಗೆ ಮೊದಲೇ ಎಣ್ಣೆ ಹಚ್ಚಿಟ್ಟುಕೊಳ್ಳಿ. ಹಲ್ಲುಗಳ ಬಿಗಿ ಹೊಂದಿಸಲು ನಡುವೆ ನ್ಯೂಸ್‌ಪೇಪರಿನ ಪಟ್ಟಿಯೊಂದನ್ನು ಸಿಕ್ಕಿಸಿ ಮೋಟಾರ್ ಭದ್ರಪಡಿಸಿ, ಆಮೇಲೆ ಪಟ್ಟಿ ತೆಗೆದರೆ ಬೇಕಾದಷ್ಟೇ ಸಡಿಲ ಉಳಿಯುತ್ತದೆ. ಎನ್20 ಒಂದು ತೆಳು ಗೀಚಲು ಸದ್ದು ಮಾಡುತ್ತದೆ. ಅದನ್ನು ಸಹಿಸದವರು ಬ್ರಿಟನ್ನಿನಿಂದ ತಗಡು ಮಡಚಿ ಕಟ್ಟುವ 108:1ರ ವರ್ಮ್ ಗೇರ್‌ಪೆಟ್ಟಿಗೆ ತರಿಸಬಹುದು. 15,000 ಆರ್‌ಪಿಎಂ ಮೋಟಾರಿಗೆ ಅದು 139 ಸುತ್ತು ಕೊಡುತ್ತದೆ, ನಡೆಯೂ ಮೌನ.

ವಿದ್ಯುತ್ ಎತ್ತಿಕೊಳ್ಳಲು 0.3 ಮಿ.ಮೀ. ಫಾಸ್ಫರ್ ಬ್ರಾಂಜ್ ತಂತಿ, ನಾಲ್ಕೂ ಗಾಲಿಗಳ ಟಯರಿನ ಬೆನ್ನಿಗೆ. ಸಿಂಗಲ್ ಸೈಡ್ ಪಿಸಿಬಿಯ ತುಂಡನ್ನು ಸ್ಪೇಸರಿಗೆ ಎಪಾಕ್ಸಿಯಿಂದ ಅಂಟಿಸಿ ಅದರ ಮೇಲೆ ತಂತಿ ಬೆಸೆಯಿರಿ. ತಂತಿ 15–20 ಮಿ.ಮೀ. ಉದ್ದವಿದ್ದರೆ ಮೃದುವಾಗಿ ಒತ್ತುತ್ತದೆ, ಗಿಡ್ಡವಿದ್ದರೆ ಗಾಲಿಯನ್ನು ಬ್ರೇಕಿನಂತೆ ಹಿಡಿಯುತ್ತದೆ. ಒತ್ತಡ ಸರಿಯಿದೆಯೇ ಎಂದು ತಿಳಿಯಲು ಗಾಜಿನ ಹಲಗೆಯ ಪರೀಕ್ಷೆಯನ್ನು ಮೋಟಾರ್ ಜೋಡಿಸುವ ಮುನ್ನ ಇನ್ನೊಮ್ಮೆ ಮಾಡಿ. ಪಾಯಿಂಟುಗಳ ನಡುವಿನ ಫ್ರಾಗ್ (ಎರಡು ಹಳಿಗಳು ಕೂಡುವ ತುಂಡು) ಪ್ಲಾಸ್ಟಿಕ್ ಆಗಿದ್ದರೆ 23 ಮಿ.ಮೀ. ಅಂತರದ ಪಗ್ ಅದರ ಮೇಲೆ ನಿಂತುಬಿಡಬಹುದು. ವಿದ್ಯುತ್ ಹರಿಯುವ ಫ್ರಾಗ್ ಇರುವ ಪಾಯಿಂಟ್ ಹಾಕಿ. ಇಲ್ಲವೇ ಎಂಜಿನ್ ಹಿಂದೆ ಸದಾ ಕಟ್ಟಿರುವ ಒಂದು ವ್ಯಾಗನ್ನಿನ ಗಾಲಿಗಳಿಂದಲೂ ವಿದ್ಯುತ್ ತೆಗೆದು ಎರಡು ಸಣ್ಣ ತಂತಿಗಳಲ್ಲಿ ತನ್ನಿ. ಪರೀಕ್ಷೆಗೆ 12 ವೋಲ್ಟಿನ ಸಿಸಿಟಿವಿ ಅಡಾಪ್ಟರ್, ಒಂದು ಪಿಡಬ್ಲ್ಯೂಎಂ ವೇಗ ನಿಯಂತ್ರಕ, ದಿಕ್ಕು ಬದಲಿಸಲು ಡಿಪಿಡಿಟಿ (ಎರಡು ತಂತಿಗಳನ್ನು ಅದಲುಬದಲು ಮಾಡುವ) ಸ್ವಿಚ್ ಇಷ್ಟಿದ್ದರೆ ಸಾಕು. ಮುಂದೆ ಡಿಸಿಸಿ (ಹಳಿಯ ಮೂಲಕ ಡಿಜಿಟಲ್ ಸಂಕೇತ ಕಳಿಸಿ ಎಂಜಿನ್ ನಿಯಂತ್ರಿಸುವ ಏರ್ಪಾಟು) ಮಾಡುವ ಯೋಚನೆಯಿದ್ದರೆ ಮೋಟಾರಿನ ಎರಡು ಟರ್ಮಿನಲ್‌ಗಳೂ ಚಾಸಿಗೆ ತಾಗದಂತೆ ಈಗಲೇ ನೋಡಿಕೊಳ್ಳಿ. ಗಾಲಿ ಹಿಡಿದು ನಿಲ್ಲಿಸಿದಾಗ ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತದೆಂದು ಅಳೆದ ಮೇಲೆಯೇ ಆ ಸಂಕೇತ ಓದುವ ಡಿಕೋಡರ್ ಕೊಳ್ಳಿ. ಬೆಸುಗೆಯ ಫ್ಲಕ್ಸ್ ಆಸಿಡ್ ಜಾತಿಯದಾದರೆ ಗಾಲಿ, ಮೋಟಾರ್ ಹಾಕುವ ಮೊದಲೇ ಚಾಸಿಯನ್ನು ಬಿಸಿನೀರು ಸೋಪಿನಲ್ಲಿ ಉಜ್ಜಿ ತೊಳೆಯಬೇಕು. ಇಲ್ಲದಿದ್ದರೆ ಆಕ್ಸಲ್ ತುಕ್ಕು, ಹಿತ್ತಾಳೆ ಹಸಿರು.

ಪ್ಲಾಸ್ಟಿಕ್ ಒಡಲಿಗೆ ತೂಕವೇ ಇಲ್ಲ. ತೂಕವಿಲ್ಲದೆ ಹಿಡಿತವಿಲ್ಲ, ಹಳಿಯ ಕೊಳೆ ಸೀಳಿ ವಿದ್ಯುತ್ ತೆಗೆಯುವ ಶಕ್ತಿಯೂ ಇಲ್ಲ. ಒಟ್ಟು 100 ಗ್ರಾಂ ಗುರಿಯಿಟ್ಟುಕೊಳ್ಳಿ. ಸೀಸದ ತಗಡು, ಮೀನಿನ ಗಾಳಕ್ಕೆ ಕಟ್ಟುವ ಸೀಸ, ಟಯರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುವ 5–10 ಗ್ರಾಂ ತುಂಡು ಯಾವುದಾದರೂ ಆದೀತು. ಟ್ಯಾಂಕಿನ ಎರಡೂ ಬದಿ, ಸ್ಮೋಕ್‌ಬಾಕ್ಸ್, ಕ್ಯಾಬಿನ ನೆಲದಡಿ ತುಂಬಿ, ಎಂಜಿನ್ ಎರಡು ಆಕ್ಸಲ್‌ಗಳ ಸರಿ ಮಧ್ಯದಲ್ಲಿ ತೂಗುವಂತೆ ಹೊಂದಿಸಿ. ಒಂದು ಎಚ್ಚರಿಕೆ ಮಾತ್ರ ದಪ್ಪಕ್ಷರದಲ್ಲಿ ಓದಿಕೊಳ್ಳಬೇಕು: ಸೀಸವನ್ನು ಮರಗೆಲಸದ ಬಿಳಿ ಗೋಂದಿನಿಂದ ಅಂಟಿಸಬೇಡಿ. ಪಿವಿಎ ಗೋಂದಿನಿಂದ ಹೊಮ್ಮುವ ಅಸಿಟಿಕ್ ಆಸಿಡ್ ಸೀಸವನ್ನು ನಿಧಾನವಾಗಿ ತಿಂದು ಬಿಳಿ ಪುಡಿ ಮಾಡುತ್ತದೆ. ಆ ಪುಡಿ ಉಬ್ಬುತ್ತದೆ, ಕೆಲವು ವರ್ಷಗಳ ಮೇಲೆ ಟ್ಯಾಂಕ್ ಒಳಗಿನಿಂದ ಬಿರಿಯುತ್ತದೆ. ಸೀಸದ ಸಣ್ಣ ಗುಂಡುಗಳನ್ನು ಗೋಂದಿನಲ್ಲಿ ಕಲಸಿ ಸುರಿದರೆ ಇನ್ನೂ ಬೇಗ. ಎಪಾಕ್ಸಿ ಬಳಸಿ. ಸೀಸ ಮುಟ್ಟಿದ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ.

ಒಡಲು ಕೂರಿಸುವ ಮುನ್ನ ಚಾಸಿಯನ್ನು ಅಂಗಾತ ಮಲಗಿಸಿ ಅರ್ಧ ವೇಗದಲ್ಲಿ ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಓಡಿಸಿ. ಬುಷ್ ಒಂದಕ್ಕೆ ಸೂಜಿಮೊನೆಯಷ್ಟು ಎಣ್ಣೆ. ಪ್ಲಾಸ್ಟಿಕ್‌ಗೆ ಹಾನಿ ಮಾಡದ ಜಾತಿಯದೇ ಬೇಕು, ಹೊಲಿಗೆಯಂತ್ರದ ಎಣ್ಣೆ ಸುರಿದರೆ ಬಣ್ಣವೂ ಹೋಗುತ್ತದೆ, ಟಯರಿಗೆ ಹರಿದು ಹಿಡಿತವೂ ಹೋಗುತ್ತದೆ. ಒಡಲನ್ನು ಚಾಸಿಗೆ ಅಂಟಿಸದೆ ಮುಂದೊಂದು ಹಿಂದೊಂದು ಸ್ಕ್ರೂ ಹಾಕಿ ಹಿಡಿಸಿ, ಬಿಚ್ಚುವ ದಿನ ಬಂದೇ ಬರುತ್ತದೆ.

ಇದೇ ಕ್ರಮದಲ್ಲಿ ಮೈಸೂರು ರೈಲ್ವೆ ಮ್ಯೂಸಿಯಂನ ಮೀಟರ್ ಗೇಜ್ ಎಂಜಿನ್ ಒಂದನ್ನು ಮಾಡಬೇಕೆನ್ನುವವರಿಗೆ ಹಳಿಯ ಲೆಕ್ಕ ಬೇರೆ. 16.5 ಮಿ.ಮೀ. ಹಳಿಯ ಮೇಲೆ ಮೀಟರ್ ಗೇಜ್ ಕೂರಬೇಕಾದರೆ ಅಳತೆ ಸುಮಾರು 1:60 ಆಗಬೇಕು, 12 ಮಿ.ಮೀ. ಹಳಿ ಬಳಸಿದರೆ 1:83. ನಮ್ಮ ಬ್ರಾಡ್ ಗೇಜ್ 1:76ರಲ್ಲಿ 22 ಮಿ.ಮೀ. ಬೇಡುತ್ತದೆ.

ಕಿಟ್‌ಮಾಸ್ಟರ್‌ನವರಿಗೂ ತಮ್ಮ ಎಂಜಿನ್ನುಗಳು ಓಡಬೇಕೆಂಬ ಬೇಡಿಕೆ ಗೊತ್ತಿತ್ತು. ಅವರು ಕೊಟ್ಟ ಉತ್ತರ ಜಾಣತನದ್ದು: ಎಂಜಿನ್ ಮುಟ್ಟದೆ ಮೋಟಾರನ್ನು ಒಂದು ಮುಚ್ಚಿದ ಗೂಡ್ಸ್ ವ್ಯಾನಿನೊಳಗೆ ಇಟ್ಟು ಮಾರಿದರು, ವ್ಯಾನ್ ಎಂಜಿನ್ನನ್ನು ತಳ್ಳುತ್ತಿತ್ತು. ಸ್ಟೀಫನ್‌ಸನ್ನನ ‘ರಾಕೆಟ್’ ಕಿಟ್‌ನಂಥ, ಒಳಗೆ ಜಾಗವೇ ಇಲ್ಲದ ಮಾದರಿಗಳಿಗೆ ಇಂದಿಗೂ ಅದೇ ಸರಿಯಾದ ದಾರಿ ಎಂಬುದು ನನ್ನ ಮತ. ಆಗಲೂ ಎಂಜಿನ್ನಿನ ಗಾಲಿ, ರಾಡುಗಳು ಸಲೀಸಾಗಿ ತಿರುಗಲೇಬೇಕು, ಇಲ್ಲದಿದ್ದರೆ ವ್ಯಾನ್ ತಳ್ಳುವುದು ಜಾರುಬಂಡಿಯನ್ನು. ‘ಈವ್ನಿಂಗ್ ಸ್ಟಾರ್’ ಕಿಟ್‌ಗೆ ಕೈಹಾಕುವವರು ಹತ್ತು ಡ್ರೈವಿಂಗ್ ಗಾಲಿ, ಎರಡೂ ಪಕ್ಕದ ವಾಲ್ಶಾರ್ಟ್ಸ್ ವಾಲ್ವ್ ಗೇರ್ (ಸಿಲಿಂಡರಿಗೆ ಉಗಿ ಬಿಡುವ ಸನ್ನೆಗಳು) ಎಲ್ಲದರ ಮೇಲೆ ಈ ಉರುಳು ಪರೀಕ್ಷೆಯನ್ನು ಒಂದೊಂದೇ ರಾಡು ಸೇರಿಸುತ್ತ ಮಾಡಬೇಕಾಗುತ್ತದೆ. ಮಧ್ಯದ ಜೋಡಿ ಗಾಲಿಗೆ ನಿಜದ ಎಂಜಿನ್ನಿನಲ್ಲೂ ಫ್ಲ್ಯಾಂಜ್ (ಗಾಲಿ ಹಳಿ ತಪ್ಪದಂತೆ ಹಿಡಿಯುವ ಅಂಚು) ಇರಲಿಲ್ಲ, ಆದ್ದರಿಂದ ಮಾದರಿಯಲ್ಲೂ ಅದನ್ನು ಧೈರ್ಯವಾಗಿ ಬಿಡಬಹುದು.